ಮೋಟಾರು ಅಪಘಾತ: ಪರಿಹಾರದ ಪ್ರಸ್ತಾವಕ್ಕೆ ಸಹಿ ಹಾಕುವ ಮುನ್ನ

ರಸ್ತೆ ಅಪಘಾತದಲ್ಲಿ ಕುಟುಂಬದ ಆಧಾರವಾಗಿದ್ದ ವ್ಯಕ್ತಿ ತೀರಿಕೊಂಡಾಗ ಅಥವಾ ಅಂಗವಿಕಲನಾದಾಗ, ದುಃಖ ಆರುವ ಮೊದಲೇ ಹಣದ ಮಾತು ಮನೆಬಾಗಿಲಿಗೆ ಬರುತ್ತದೆ. ಒಮ್ಮೆ ವಾಹನದ ಮಾಲೀಕನ ಕಡೆಯವರು, ಮತ್ತೊಮ್ಮೆ ಮಧ್ಯವರ್ತಿಗಳು, ಮುಂದೆ ವಿಮಾ ಕಂಪನಿಯ ಅಧಿಕಾರಿ ಒಂದು ಮೊತ್ತವನ್ನು ಸೂಚಿಸಿ ಸಹಿ ಕೇಳುತ್ತಾರೆ. ಊರಿನಿಂದ ದೂರ, ಮುಂಬಯಿ, ಪುಣೆ, ಚೆನ್ನೈ, ಹೈದರಾಬಾದು, ದೆಹಲಿಗಳಲ್ಲಿ ನೆಲೆಸಿರುವ ಕನ್ನಡಿಗರಿಗೆ ಕಾಗದಪತ್ರಗಳ ಭಾಷೆಯೂ ಒಂದು ತೊಡಕು. ಆ ಒಂದು ಸಹಿಯಿಂದ ದೊರೆಯುವುದೇನು, ಕೈತಪ್ಪುವುದೇನು ಎಂಬುದನ್ನು ಮೊದಲೇ ಅರಿತಿರುವುದು ಅವಶ್ಯ.

ಪ್ರಸ್ತಾವ ಬರುವ ಬಗೆ

1988ರ ಮೋಟಾರು ವಾಹನ ಅಧಿನಿಯಮಕ್ಕೆ 2019ರಲ್ಲಿ ತಿದ್ದುಪಡಿಯಾಯಿತು. ಪರಿಹಾರಕ್ಕೆ ಸಂಬಂಧಿಸಿದ ಹೊಸ ಉಪಬಂಧಗಳು 2022ರ ಏಪ್ರಿಲ್ 1ರಿಂದ ಜಾರಿಯಲ್ಲಿವೆ. ಇವುಗಳ ಮೇರೆಗೆ ಪೊಲೀಸರು ಅಪಘಾತದ ವರದಿಯನ್ನು ಮೂರು ತಿಂಗಳೊಳಗೆ ಸಿದ್ಧಪಡಿಸಿ ಮೋಟಾರು ಅಪಘಾತ ಪರಿಹಾರ ನ್ಯಾಯಮಂಡಳಿಗೆ ಸಲ್ಲಿಸಬೇಕು. ವಿಮಾ ಕಂಪನಿಯು ಇದಕ್ಕಾಗಿ ಒಬ್ಬ ಅಧಿಕಾರಿಯನ್ನು ಗೊತ್ತುಪಡಿಸಬೇಕು. ಆತನು 30 ದಿನಗಳೊಳಗೆ ನ್ಯಾಯಮಂಡಳಿಯ ಮುಂದೆ ಪರಿಹಾರದ ಪ್ರಸ್ತಾವವನ್ನು ಇಡಬೇಕು. ಅದನ್ನು ಒಪ್ಪಿದರೆ ನ್ಯಾಯಮಂಡಳಿಯು ಒಪ್ಪಂದವನ್ನು ದಾಖಲಿಸುತ್ತದೆ ಮತ್ತು ಮುಂದಿನ 30 ದಿನಗಳೊಳಗೆ ಹಣ ಸಂದಾಯವಾಗಬೇಕು. ಒಪ್ಪದಿದ್ದರೆ ವಿಚಾರಣೆಗೆ ದಿನ ಗೊತ್ತಾಗುತ್ತದೆ. ಪ್ರಸ್ತಾವವನ್ನು ನಿರಾಕರಿಸಿದ ಮಾತ್ರಕ್ಕೆ ಹಕ್ಕು ನಾಶವಾಗುವುದಿಲ್ಲ ಎಂಬುದನ್ನು ಮುಖ್ಯವಾಗಿ ನೆನಪಿಡಬೇಕು.

ಎರಡು ದಾರಿಗಳು

ಮೊದಲನೆಯದು 164ನೆಯ ಪ್ರಕರಣದ ದಾರಿ. ಇಲ್ಲಿ ತಪ್ಪು ಯಾರದೆಂದು ರುಜುವಾತುಪಡಿಸಬೇಕಾಗಿಲ್ಲ. ಮರಣ ಸಂಭವಿಸಿದ್ದರೆ 5 ಲಕ್ಷ ರೂಪಾಯಿ, ತೀವ್ರ ಗಾಯವಾಗಿದ್ದರೆ 2.5 ಲಕ್ಷ ರೂಪಾಯಿ ನಿಗದಿಯಾಗಿದೆ. ಎರಡನೆಯದು 166ನೆಯ ಪ್ರಕರಣದ ದಾರಿ. ಇಲ್ಲಿ ಎದುರು ವಾಹನದ ಚಾಲಕನ ನಿರ್ಲಕ್ಷ್ಯವನ್ನು ತೋರಿಸಬೇಕು. ಪರಿಹಾರವು ವಾಸ್ತವ ನಷ್ಟಕ್ಕೆ ಅನುಗುಣವಾಗಿರುತ್ತದೆ. ವಿಮಾ ಕಂಪನಿಯ ಪ್ರಸ್ತಾವದ ಮೂಲಕ 164ನೆಯ ಪ್ರಕರಣದ ಮೊತ್ತವನ್ನು ಸ್ವೀಕರಿಸಿದರೆ, ನ್ಯಾಯಮಂಡಳಿಯಲ್ಲಿರುವ 166ನೆಯ ಪ್ರಕರಣದ ಅರ್ಜಿ ಅಲ್ಲಿಗೇ ರದ್ದಾಗುತ್ತದೆ. ಇದನ್ನು ಮುಂಗಡವೆಂದು ಭಾವಿಸಿ ಸಹಿ ಹಾಕಿದವರು ಹೆಚ್ಚಿನ ಪರಿಹಾರವನ್ನು ಕಳೆದುಕೊಳ್ಳುತ್ತಾರೆ.

ಲೆಕ್ಕ ಹಾಕುವ ಕ್ರಮ

ಪ್ರಸ್ತಾವದ ಮೊತ್ತ ನ್ಯಾಯವೇ ಎಂದು ತಿಳಿಯಲು ಸರ್ವೋಚ್ಚ ನ್ಯಾಯಾಲಯವು 2009ರ ಸರಳಾ ವರ್ಮಾ ಮತ್ತು 2017ರ ಪ್ರಣಯ್ ಸೇಠಿ ಮೊಕದ್ದಮೆಗಳಲ್ಲಿ ಹಾಕಿಕೊಟ್ಟ ಕ್ರಮವು ಸಹಾಯಕ. ಪುಣೆಯಲ್ಲಿ ಸಣ್ಣ ಉಪಾಹಾರ ಗೃಹ ನಡೆಸುತ್ತ ತಿಂಗಳಿಗೆ 15,000 ರೂಪಾಯಿ ಗಳಿಸುತ್ತಿದ್ದ 34 ವರ್ಷದ ವ್ಯಕ್ತಿಯೊಬ್ಬರು ಲಾರಿ ಚಾಲಕನ ನಿರ್ಲಕ್ಷ್ಯದಿಂದ ಮೃತರಾದರು ಎಂದಿಟ್ಟುಕೊಳ್ಳೋಣ. ಪತ್ನಿ, ಇಬ್ಬರು ಮಕ್ಕಳು ಮತ್ತು ತಾಯಿ ಅವರ ಅವಲಂಬಿತರು. ವಾರ್ಷಿಕ ಆದಾಯ 1,80,000 ರೂಪಾಯಿ. ಸ್ವಂತ ಉದ್ಯೋಗದಲ್ಲಿದ್ದು 40 ವರ್ಷ ತುಂಬದವರಿಗೆ ಭವಿಷ್ಯದ ಏಳಿಗೆಯ ಬಾಬ್ತು ಶೇಕಡಾ 40 ಸೇರಿಸಿದರೆ 2,52,000 ಆಗುತ್ತದೆ. ನಾಲ್ವರು ಅವಲಂಬಿತರಿರುವುದರಿಂದ ಮೃತರ ಸ್ವಂತ ಖರ್ಚೆಂದು ಕಾಲು ಭಾಗ ಕಳೆದರೆ 1,89,000 ಉಳಿಯುತ್ತದೆ. 31ರಿಂದ 35 ವರ್ಷದವರಿಗೆ ಗುಣಕ 16. ಇದರಿಂದ ಗುಣಿಸಿದಾಗ 30,24,000 ರೂಪಾಯಿಗಳಾಗುತ್ತವೆ. ಅಂತ್ಯಕ್ರಿಯೆಯ ವೆಚ್ಚ, ಬಾಂಧವ್ಯದ ನಷ್ಟ ಮುಂತಾದವು ಇದಕ್ಕೆ ಸೇರುತ್ತವೆ. ಮೃತರದೂ ಭಾಗಶಃ ತಪ್ಪಿದ್ದರೆ ಆ ಪ್ರಮಾಣದಲ್ಲಿ ಮೊತ್ತ ತಗ್ಗುತ್ತದೆ. ಆದರೂ ನಿಗದಿತ 5 ಲಕ್ಷಕ್ಕೂ ಈ ಲೆಕ್ಕಕ್ಕೂ ಇರುವ ಅಂತರ ಸ್ಪಷ್ಟ.

ಗಾಯಾಳುಗಳು ಚಿಕಿತ್ಸೆ ಮುಗಿಯುವ ಮೊದಲು ಅಂತಿಮ ಮೊತ್ತಕ್ಕೆ ಒಪ್ಪದಿರುವುದು ಲೇಸು. ಮುಂದೆ ಬೇಕಾಗುವ ಶಸ್ತ್ರಚಿಕಿತ್ಸೆ ಮತ್ತು ಶಾಶ್ವತ ಅಂಗವೈಕಲ್ಯದಿಂದ ದುಡಿಮೆಗೆ ಆಗುವ ಕುಂದು ಮೊದಲ ವಾರಗಳಲ್ಲಿ ತಿಳಿಯುವುದಿಲ್ಲ. ಒಂದು ಕೈ ಸ್ವಾಧೀನ ತಪ್ಪಿದರೆ ಗುಮಾಸ್ತನ ನಷ್ಟವೇ ಬೇರೆ, ಚಾಲಕನ ನಷ್ಟವೇ ಬೇರೆ.

ಗಮನಿಸಬೇಕಾದ ಸಂಗತಿಗಳು

* ಖಾಲಿ ಕಾಗದಕ್ಕೆ ಅಥವಾ ತಿಳಿಯದ ಭಾಷೆಯ ಪತ್ರಕ್ಕೆ ಸಹಿ ಹಾಕಬಾರದು. ಬಲ್ಲವರಿಂದ ಓದಿಸಿ ಅರ್ಥ ತಿಳಿದುಕೊಳ್ಳಬೇಕು. "ಪೂರ್ಣ ಮತ್ತು ಅಂತಿಮ ಇತ್ಯರ್ಥ" ಎಂಬ ಮಾತಿದ್ದರೆ ಮುಂದೆ ಏನನ್ನೂ ಕೇಳುವುದಿಲ್ಲವೆಂದು ಬರೆದುಕೊಟ್ಟಂತೆ.

* ಪ್ರಸ್ತಾವವನ್ನು ಲಿಖಿತವಾಗಿ ಪಡೆಯಬೇಕು. ಯಾವ ಬಾಬ್ತಿಗೆ ಎಷ್ಟು ಎಂಬ ವಿವರವನ್ನು ಕೇಳಬೇಕು.

* ಪ್ರಥಮ ವರ್ತಮಾನ ವರದಿ, ಸ್ಥಳ ಮಹಜರು, ಶವಪರೀಕ್ಷೆಯ ವರದಿ ಅಥವಾ ಗಾಯದ ಪ್ರಮಾಣಪತ್ರ, ಆಸ್ಪತ್ರೆಯ ಬಿಲ್ಲುಗಳು, ವಯಸ್ಸು ಮತ್ತು ಆದಾಯದ ದಾಖಲೆಗಳನ್ನು ಜೋಪಾನವಾಗಿಡಬೇಕು.

* ಅಪಘಾತದ ದಿನದಿಂದ ಆರು ತಿಂಗಳೊಳಗೆ ಅರ್ಜಿ ಸಲ್ಲಿಸಬೇಕು. ಮಾತುಕತೆ ನಡೆಯುತ್ತಿದೆಯೆಂದು ಈ ಅವಧಿಯನ್ನು ಕಳೆಯಬಾರದು.

* ಅರ್ಜಿಯನ್ನು ಅಪಘಾತ ನಡೆದ ಸ್ಥಳದಲ್ಲಿ, ಅರ್ಜಿದಾರರು ವಾಸಿಸುವ ಅಥವಾ ವ್ಯವಹರಿಸುವ ಸ್ಥಳದಲ್ಲಿ, ಇಲ್ಲವೆ ಪ್ರತಿವಾದಿ ವಾಸಿಸುವ ಸ್ಥಳದಲ್ಲಿ ಸಲ್ಲಿಸಬಹುದು. ಊರಿಗೆ ಹೋಗುವಾಗ ಹುಬ್ಬಳ್ಳಿಯ ಬಳಿ ಅಪಘಾತವಾಗಿದ್ದರೂ ಮುಂಬಯಿ ನಿವಾಸಿಯು ಮುಂಬಯಿಯ ನ್ಯಾಯಮಂಡಳಿಯನ್ನೇ ಆಶ್ರಯಿಸಬಹುದು.

ಹಾಗೆಂದು ಬಂದ ಪ್ರಸ್ತಾವವನ್ನೆಲ್ಲ ತಳ್ಳಿಹಾಕುವುದೂ ವಿವೇಕವಲ್ಲ. ಎದುರು ಚಾಲಕನ ತಪ್ಪನ್ನು ಸಾಬೀತುಪಡಿಸುವುದು ಕಷ್ಟವಿದ್ದಲ್ಲಿ ನಿಗದಿತ ಮೊತ್ತವೇ ಆಸರೆಯಾದೀತು. ಮೊತ್ತ ನ್ಯಾಯವಾಗಿದ್ದರೆ ಒಪ್ಪಂದದಿಂದ ಕಾಲವೂ ಖರ್ಚೂ ಉಳಿಯುತ್ತವೆ. ಲೋಕ ಅದಾಲತ್ತಿನಲ್ಲಿಯೂ ರಾಜಿಯಾಗಬಹುದು. ಆದರೆ ಅಲ್ಲಿನ ತೀರ್ಮಾನದ ಮೇಲೆ ಅಪೀಲು ಇಲ್ಲ. ಜಿಲ್ಲಾ ಕಾನೂನು ಸೇವೆಗಳ ಪ್ರಾಧಿಕಾರದಲ್ಲಿ ಮಹಿಳೆಯರು, ಮಕ್ಕಳು, ಪರಿಶಿಷ್ಟ ಜಾತಿ ಮತ್ತು ಪಂಗಡದವರು ಹಾಗೂ ಅಂಗವಿಕಲರಿಗೆ ಆದಾಯದ ಮಿತಿಯಿಲ್ಲದೆ ಉಚಿತ ನೆರವು ದೊರೆಯುತ್ತದೆ. ದೂರವಾಣಿ ಸಂಖ್ಯೆ 15100.

ಪರಿಹಾರವು ಯಾರೊಬ್ಬರ ದಯೆಯಲ್ಲ, ಕಾನೂನು ಕೊಟ್ಟ ಹಕ್ಕು. ಆದುದರಿಂದ ಮೊದಲು ಲೆಕ್ಕ, ಬಳಿಕ ಸಲಹೆ, ಕೊನೆಯಲ್ಲಿ ಸಹಿ ಎಂಬ ಕ್ರಮವನ್ನು ಅನುಸರಿಸುವುದು ಎಲ್ಲರಿಗೂ ಕ್ಷೇಮ.