ನಾವು ನೋಡುವುದು ಹೇಗೆ?

ಮಕ್ಕಳೇ, ರಾತ್ರಿ ಊಟಕ್ಕೆ ಕುಳಿತಾಗ ಕರೆಂಟು ಹೋಯಿತೆನ್ನಿ. ತಟ್ಟೆ ಎದುರಿಗೇ ಇದೆ, ಅನ್ನ ತಟ್ಟೆಯಲ್ಲೇ ಇದೆ, ನಿಮ್ಮ ಕಣ್ಣೂ ತೆರೆದೇ ಇದೆ. ಆದರೂ ಏನೂ ಕಾಣುವುದಿಲ್ಲ! ಅಮ್ಮ ದೀಪ ಹಚ್ಚಿದ ಕೂಡಲೇ ಎಲ್ಲವೂ ಕಾಣುತ್ತವೆ. ನೋಡಲು ಕಣ್ಣೊಂದೇ ಸಾಲದು, ಬೆಳಕೂ ಬೇಕು ಎಂದಾಯಿತು.

ಹಿಂದೆ ಗ್ರೀಸ್ ದೇಶದ ಕೆಲವು ಪಂಡಿತರು ಕಣ್ಣಿನಿಂದಲೇ ಕಿರಣಗಳು ಹೊರಟು ವಸ್ತುಗಳನ್ನು ಮುಟ್ಟುತ್ತವೆ ಎಂದು ತಿಳಿದಿದ್ದರು. ಸುಮಾರು 1000 ವರ್ಷಗಳ ಹಿಂದೆ ಇಬ್ನ್ ಅಲ್-ಹೈತಮ್ ಎಂಬ ಅರಬ್ ವಿಜ್ಞಾನಿ ಇದನ್ನು ಒಪ್ಪಲಿಲ್ಲ. ಪ್ರಖರವಾದ ಬೆಳಕನ್ನು ನೋಡಿದರೆ ಕಣ್ಣು ನೋಯುತ್ತದೆ. ಆದ್ದರಿಂದ ಹೊರಗಿನ ಬೆಳಕೇ ಕಣ್ಣಿನೊಳಗೆ ಬರುತ್ತದೆ ಎಂದು ಅವನು ವಿವರಿಸಿದ.

ಸೂರ್ಯ, ದೀಪ, ಮಿಂಚುಹುಳುಗಳಿಗೆ ಸ್ವಂತ ಬೆಳಕಿದೆ. ನಿಮ್ಮ ಪುಸ್ತಕಕ್ಕೆ ಇಲ್ಲ. ಅದರ ಮೇಲೆ ಬಿದ್ದ ಬೆಳಕು ಪ್ರತಿಫಲಿಸಿ ನಿಮ್ಮ ಕಣ್ಣನ್ನು ಸೇರಿದಾಗ ಪುಸ್ತಕ ಕಾಣುತ್ತದೆ.

ಕಣ್ಣಿನ ನಡುವೆ ಕಪ್ಪಗೆ ಕಾಣುವ ಚುಕ್ಕೆಯೇ ಪಾಪೆ. ಅದು ನಿಜವಾಗಿ ಒಂದು ರಂಧ್ರ! ಬೆಳಕು ಒಳಗೆ ಹೋಗುವ ಬಾಗಿಲು. ಅದರ ಹಿಂದೆ ಮಸೂರವಿದೆ. ಕಣ್ಣಿನ ಹಿಂಭಾಗದಲ್ಲಿ ಅಕ್ಷಿಪಟಲ ಎಂಬ ತೆಳುವಾದ ಪರದೆಯಿದೆ. ವಸ್ತುವಿನ ಚಿತ್ರ ಈ ಪರದೆಯ ಮೇಲೆ ಚಿಕ್ಕದಾಗಿ, ತಲೆಕೆಳಗಾಗಿ ಮೂಡುತ್ತದೆ. ದೃಷ್ಟಿನರ ಆ ಸುದ್ದಿಯನ್ನು ಮೆದುಳಿಗೆ ಒಯ್ಯುತ್ತದೆ. ಅದನ್ನು ಅರ್ಥಮಾಡಿಕೊಳ್ಳುವುದು ಮೆದುಳಿನ ಕೆಲಸ. ಆದ್ದರಿಂದಲೇ ಮರ ನಮಗೆ ನೇರವಾಗಿಯೇ ಕಾಣುತ್ತದೆ.

ಮಾಡಿ ನೋಡಿ

ನಿಮ್ಮ ಗೆಳೆಯನನ್ನು ಬೆಳಕಿರುವ ಕಿಟಕಿಯ ಬಳಿ ನಿಲ್ಲಿಸಿ. ಅವನು ಎರಡೂ ಕಣ್ಣುಗಳನ್ನು ಅಂಗೈಯಿಂದ ಮುಚ್ಚಿಕೊಂಡು ಮೂವತ್ತರವರೆಗೆ ಎಣಿಸಲಿ. ಕೈ ತೆಗೆದು ಕಣ್ಣು ತೆರೆದ ಕೂಡಲೇ ಪಾಪೆಯನ್ನು ಗಮನಿಸಿ. ದೊಡ್ಡದಾಗಿದ್ದ ಪಾಪೆ ಸರ್ರನೆ ಚಿಕ್ಕದಾಗುತ್ತದೆ. ಬೆಳಕು ಹೆಚ್ಚಾದರೆ ಬಾಗಿಲು ಕಿರಿದಾಗುತ್ತದೆ, ಕಡಿಮೆಯಾದರೆ ಹಿಗ್ಗುತ್ತದೆ.

ಎಚ್ಚರಿಕೆ: ಸೂರ್ಯನನ್ನು ಎಂದೂ ನೇರವಾಗಿ ನೋಡಬೇಡಿ, ಗ್ರಹಣದ ದಿನವೂ ಅಷ್ಟೇ. ಪಾಪೆ ಎಷ್ಟೇ ಕಿರಿದಾದರೂ ಆ ಬೆಳಕನ್ನು ತಡೆಯಲಾರದು. ಅಕ್ಷಿಪಟಲ ಸುಟ್ಟರೂ ಅಲ್ಲಿ ನೋವು ತಿಳಿಯುವುದಿಲ್ಲ.

ಕರಿಹಲಗೆ ಮಂಜಾಗಿದೆಯೇ?

ಕೆಲವರ ಕಣ್ಣುಗುಡ್ಡೆ ತುಸು ಉದ್ದವಾಗಿರುತ್ತದೆ. ಆಗ ದೂರದ ವಸ್ತುವಿನ ಚಿತ್ರ ಅಕ್ಷಿಪಟಲದ ಮೇಲೆ ಬೀಳದೆ ಅದಕ್ಕಿಂತ ಮುಂದೆಯೇ ಮೂಡುತ್ತದೆ. ಪುಸ್ತಕ ಚೆನ್ನಾಗಿ ಕಾಣುತ್ತದೆ, ಕರಿಹಲಗೆ ಮಂಜು ಮಂಜು. ಇದೇ ಸಮೀಪದೃಷ್ಟಿ. ಇಂಥ ಮಗು ಎಲ್ಲರಿಗೂ ಹೀಗೆಯೇ ಕಾಣುತ್ತದೆ ಎಂದುಕೊಂಡು ಸುಮ್ಮನಿರಬಹುದು. ಬರೆಯುವಾಗ ತಪ್ಪಿದರೆ ‘ದಡ್ಡ’ ಎನಿಸಿಕೊಳ್ಳಲೂಬಹುದು. ತಪ್ಪು ಮಗುವಿನದಲ್ಲ! ನಿಮ್ನ ಮಸೂರದ ಕನ್ನಡಕ ಹಾಕಿದರೆ ಚಿತ್ರ ಸರಿಯಾದ ಜಾಗದಲ್ಲಿ ಬೀಳುತ್ತದೆ.

ಈ ದಿನವೇ ಕೊನೆಯ ಸಾಲಿನಲ್ಲಿ ಕುಳಿತು, ಒಂದೊಂದೇ ಕಣ್ಣನ್ನು ಮುಚ್ಚಿಕೊಂಡು ಕರಿಹಲಗೆ ಓದಿ. ಯಾವುದೇ ಕಣ್ಣಿಗೆ ಅಕ್ಷರ ಮಸುಕಾಗಿ ಕಂಡರೆ ನಿಮ್ಮ ಟೀಚರ್‌ಗೆ, ಅಪ್ಪ ಅಮ್ಮನಿಗೆ ಹೇಳಿ. ಕಣ್ಣಿನ ವೈದ್ಯರಿಗೆ ತೋರಿಸಿ. ಕನ್ನಡಕ ಹಾಕಿದವರನ್ನು ಗೇಲಿ ಮಾಡಬೇಡಿ.

ಯೋಚಿಸಿ: ರಾತ್ರಿ ಟಾರ್ಚ್ ಬಿಟ್ಟಾಗ ಬೆಕ್ಕಿನ ಕಣ್ಣು ಫಳಫಳ ಹೊಳೆಯುತ್ತದೆ. ಟಾರ್ಚ್ ಆರಿಸಿದರೂ ಹೊಳೆಯುತ್ತದೆಯೇ? ಹಾಗಾದರೆ ಆ ಬೆಳಕು ಯಾರದು?