ಎರಡು ಎಮ್ಮೆಗಳ ಮನೆ: ಸಣ್ಣ ಹಿಡುವಳಿಯಲ್ಲಿ ಪಶುಪಾಲನೆ

ವಡೋದರಾ ನಗರದ ಫತೇಗಂಜ್, ಮಹಾರಾಜಾ ಸಯಾಜಿರಾವ್ ವಿಶ್ವವಿದ್ಯಾನಿಲಯದ ನೆರೆಯಲ್ಲಿರುವ ಬಡಾವಣೆ. ಅಂಗಡಿ ಮುಂಗಟ್ಟುಗಳಿಂದಲೂ ವಿದ್ಯಾರ್ಥಿಗಳ ವಸತಿಗಳಿಂದಲೂ ತುಂಬಿರುವ ಈ ಪ್ರದೇಶದ ನಿವಾಸಿಗಳಿಗೆ ಹಾಲೆಂದರೆ ಬೆಳಗಿನ ಹೊತ್ತು ಮನೆಬಾಗಿಲಿಗೆ ಬರುವ ಪ್ಲಾಸ್ಟಿಕ್ ಚೀಲ. ಆದರೆ ನಗರವು ಎದ್ದು ಚಹಾ ಕಾಯಿಸುವುದಕ್ಕೆ ಬಹಳ ಮೊದಲೇ, ಪಾದ್ರಾ, ಡಭೋಯಿ, ಸಾವ್ಲಿ, ಕರ್ಜನ್ ಮುಂತಾದ ತಾಲ್ಲೂಕುಗಳ ಗ್ರಾಮಗಳಲ್ಲಿ ಕೊಟ್ಟಿಗೆಯ ದೀಪ ಉರಿಯತೊಡಗಿರುತ್ತದೆ. ಒಂದೆರಡು ಎಕರೆ ಜಮೀನು, ಎರಡು ಎಮ್ಮೆ, ಒಂದು ಕರು: ಇಷ್ಟನ್ನೇ ಬಂಡವಾಳವಾಗಿ ಉಳ್ಳ ಕುಟುಂಬಗಳ ದುಡಿಮೆಯ ಮೇಲೆ ನಗರದ ಹಾಲಿನ ಪೂರೈಕೆಯು ಬಹುಮಟ್ಟಿಗೆ ನಿಂತಿದೆ. ಇಂತಹ ಒಂದು ಮನೆಯ ದಿನವು ಹೇಗೆ ಸಾಗುತ್ತದೆ, ಅದರ ಲಾಭನಷ್ಟಗಳು ಎಲ್ಲಿ ನಿರ್ಧಾರವಾಗುತ್ತವೆ ಎಂಬುದನ್ನು ಇಲ್ಲಿ ವಿವರಿಸಲಾಗಿದೆ.

ಮಹೀ ಮತ್ತು ಸಾಬರಮತಿ ನದಿಗಳ ನಡುವಣ ಬಯಲು ಸುರ್ತಿ ತಳಿಯ ಎಮ್ಮೆಯ ತವರು. ಮಧ್ಯಮ ಗಾತ್ರದ ಮೈ, ಕುಡುಗೋಲಿನಂತೆ ಬಾಗಿದ ಚಪ್ಪಟೆ ಕೊಂಬು, ಕುತ್ತಿಗೆಯ ಕೆಳಗೆ ಎರಡು ಬಿಳಿಯ ಪಟ್ಟೆ: ಇವು ಅದರ ಗುರುತು. ಸೌರಾಷ್ಟ್ರದ ಭಾರೀ ಗಾತ್ರದ ಜಾಫರಾಬಾದಿಯಷ್ಟು ಮೇವನ್ನು ಇದು ಬೇಡುವುದಿಲ್ಲ. ಹಾಲಿನ ಪ್ರಮಾಣ ದಿನಕ್ಕೆ ಸರಾಸರಿ ಐದಾರು ಲೀಟರಿನ ಆಸುಪಾಸಿನಲ್ಲಿದ್ದರೂ ಜಿಡ್ಡಿನ ಅಂಶ ಶೇಕಡ 7ರಷ್ಟು, ಕೆಲವೊಮ್ಮೆ ಅದಕ್ಕಿಂತಲೂ ಹೆಚ್ಚು. ಹಾಲಿಗೆ ಜಿಡ್ಡಿನ ಆಧಾರದ ಮೇಲೆ ಬೆಲೆ ಕಟ್ಟುವ ಪದ್ಧತಿ ಇರುವಲ್ಲಿ, ಕಡಿಮೆ ತಿಂದು ಗಟ್ಟಿಹಾಲು ಕೊಡುವ ಈ ಪ್ರಾಣಿಯು ಸಣ್ಣ ಹಿಡುವಳಿದಾರನಿಗೆ ಹೇಳಿ ಮಾಡಿಸಿದಂತಿದೆ.

ನಸುಕಿನಿಂದ ರಾತ್ರಿಯವರೆಗೆ

ಮೊದಲ ಕೆಲಸ ಸಗಣಿ ಬಾಚುವುದು, ಗಂಜಲ ಹರಿದುಹೋಗುವಂತೆ ನೆಲ ತೊಳೆಯುವುದು. ಅನಂತರ ಕೆಚ್ಚಲನ್ನು ನೀರಿನಿಂದ ತೊಳೆದು ಶುಭ್ರವಾದ ಬಟ್ಟೆಯಿಂದ ಒರೆಸಬೇಕು. ಕರುವನ್ನು ಬಿಟ್ಟೊಡನೆ, ಇಲ್ಲವೇ ಕೆಚ್ಚಲನ್ನು ಸವರಿದೊಡನೆ ಎಮ್ಮೆಯು ತೊರೆಬಿಡುತ್ತದೆ. ಇದಕ್ಕೆ ಕಾರಣವಾದ ರಸದೂತದ ಪ್ರಭಾವವು ರಕ್ತದಲ್ಲಿ ಕೆಲವೇ ನಿಮಿಷ ಉಳಿಯುವುದರಿಂದ ಐದರಿಂದ ಏಳು ನಿಮಿಷಗಳೊಳಗೆ ಕರೆದು ಮುಗಿಸುವುದು ಅವಶ್ಯಕ. ಹೆಬ್ಬೆರಳನ್ನು ಮಡಿಚಿ ಅದರ ಗೆಣ್ಣಿನಿಂದ ಮೊಲೆತೊಟ್ಟನ್ನು ಒತ್ತುವ ಅಭ್ಯಾಸ ನಮ್ಮಲ್ಲಿಯೂ ಗುಜರಾತಿನಲ್ಲಿಯೂ ಉಂಟು. ಅದರಿಂದ ತೊಟ್ಟಿನ ಒಳಪದರಕ್ಕೆ ಗಾಯವಾಗಿ ಕೆಚ್ಚಲು ಬಾವಿಗೆ ದಾರಿಯಾಗುತ್ತದೆ. ಐದು ಬೆರಳುಗಳಿಂದ ಇಡಿಯಾಗಿ ಹಿಡಿದು ಕರೆಯುವುದೇ ಸರಿಯಾದ ಕ್ರಮ. ಮೊದಲ ಒಂದೆರಡು ಸೆಳೆ ಹಾಲನ್ನು ಕಪ್ಪು ಬಟ್ಟಲಿಗೆ ಹಿಂಡಿ ನೋಡಿದರೆ, ಹೆಪ್ಪಿನಂತಹ ಚೂರುಗಳು ಕಂಡಲ್ಲಿ ಬಾವು ತೊಡಗಿರುವುದು ತಿಳಿಯುತ್ತದೆ. ಕರೆದ ಮೇಲೆ ಅರ್ಧ ಗಂಟೆಯವರೆಗೆ ಎಮ್ಮೆ ಮಲಗದಂತೆ ಗೋದಲಿಗೆ ಮೇವು ಹಾಕುವುದು ಜಾಣತನ. ತೊಟ್ಟಿನ ರಂಧ್ರ ಮುಚ್ಚಿಕೊಳ್ಳುವುದಕ್ಕೆ ಅಷ್ಟು ಹೊತ್ತು ಬೇಕು.

ಹಾಲಿನ ಪಾತ್ರೆಯನ್ನು ಹಿಡಿದು ಸಂಘದ ಕಟ್ಟಡದ ಮುಂದೆ ಸರದಿಯಲ್ಲಿ ನಿಲ್ಲುವುದು ದಿನಕ್ಕೆ ಎರಡು ಬಾರಿಯ ಕಾರ್ಯ. ಹಿಂದೆ ಆಮ್ಲವನ್ನು ಬೆರೆಸಿ, ಗಾಜಿನ ನಳಿಗೆಯಲ್ಲಿ ತಿರುಗಿಸಿ ಜಿಡ್ಡನ್ನು ಅಳೆಯುತ್ತಿದ್ದರು. ಈಗ ವಿದ್ಯುನ್ಮಾನ ಯಂತ್ರವು ಕ್ಷಣಾರ್ಧದಲ್ಲಿ ಅಂಕಿ ತೋರಿಸುತ್ತದೆ. ಬೆಳಗಿನ ಹಾಲಿನ ಹಣವನ್ನು ಸಂಜೆಯೇ ಕೈಗೆ ಕೊಡುತ್ತಿದ್ದ ಪದ್ಧತಿಯೂ ಬದಲಾಗಿ, ಹಲವೆಡೆ ಹಣವು ಬ್ಯಾಂಕಿನ ಖಾತೆಗೆ ಜಮೆಯಾಗುತ್ತದೆ.

ಉಳಿದ ಹೊತ್ತೆಲ್ಲ ಮೇವು ಮತ್ತು ನೀರಿನದು. ಹಾಲು ಕೊಡುವ ಎಮ್ಮೆಗೆ ದಿನಕ್ಕೆ ಸುಮಾರು ಐದಾರು ಕಿಲೋಗ್ರಾಂ ಒಣಹುಲ್ಲು ಅಥವಾ ಸಜ್ಜೆಯ ಸೊಪ್ಪೆ, ಹದಿನೈದಿಪ್ಪತ್ತು ಕಿಲೋಗ್ರಾಂ ಹಸಿರು ಮೇವು ಬೇಕು. ಗುಜರಾತಿನ ರೈತರು ‘ರಜಕೊ’ ಎಂದು ಕರೆಯುವ, ನಮ್ಮಲ್ಲಿ ಕುದುರೆಮಸಾಲೆ ಎನ್ನುವ ಸೊಪ್ಪು ಹಸಿರು ಮೇವಿನಲ್ಲಿ ಶ್ರೇಷ್ಠವಾದುದು. ಹಿಂಡಿ ಬೂಸಾಗಳ ಮಿಶ್ರಣವನ್ನು ಮೈ ಪೋಷಣೆಗೆಂದು ಒಂದರಿಂದ ಒಂದೂವರೆ ಕಿಲೋಗ್ರಾಂ, ಪ್ರತಿ ಎರಡು ಲೀಟರ್ ಹಾಲಿಗೆ ಮತ್ತೊಂದು ಕಿಲೋಗ್ರಾಂನಂತೆ ಕೊಡುವುದು ವಾಡಿಕೆಯ ಲೆಕ್ಕ. ಕಪ್ಪು ಚರ್ಮ, ವಿರಳವಾದ ಬೆವರುಗ್ರಂಥಿಗಳ ಕಾರಣ ಎಮ್ಮೆಯು ಬಿಸಿಲನ್ನು ತಾಳಲಾರದು. ಮೇ ತಿಂಗಳಿನಲ್ಲಿ 40 ಡಿಗ್ರಿಯನ್ನು ದಾಟುವ ಮಧ್ಯ ಗುಜರಾತಿನ ಸೆಕೆಯಲ್ಲಿ ಅದಕ್ಕೆ ಕೆರೆ ಬೇಕು, ಇಲ್ಲವಾದರೆ ದಿನಕ್ಕೆ ಎರಡು ಮೂರು ಬಾರಿ ಮೈಮೇಲೆ ನೀರೆರೆಯುವ ಕೈ ಬೇಕು. ಆ ಕೈ ಯಾರದೆಂಬುದನ್ನು ಮುಂದೆ ನೋಡೋಣ.

ಸಂಘದ ಹಿನ್ನೆಲೆ

ವಡೋದರಾದಿಂದ ಸುಮಾರು 40 ಕಿಲೋಮೀಟರ್ ದೂರದ ಆನಂದ್‌ನಲ್ಲಿ ಖೇಡಾ ಜಿಲ್ಲಾ ಸಹಕಾರಿ ಹಾಲು ಉತ್ಪಾದಕರ ಒಕ್ಕೂಟವು 1946ರ ಡಿಸೆಂಬರ್ 14ರಂದು ನೋಂದಣಿಯಾಯಿತು. ಮುಂಬಯಿಗೆ ಹಾಲು ಸಾಗಿಸುವ ಏಕಸ್ವಾಮ್ಯವನ್ನು ಪಡೆದಿದ್ದ ಪೋಲ್ಸನ್ ಸಂಸ್ಥೆಗೆ ಹಾಲು ಹಾಕಲು ನಿರಾಕರಿಸಿದ ರೈತರು, ಸರ್ದಾರ್ ಪಟೇಲರ ಸಲಹೆ ಮತ್ತು ತ್ರಿಭುವನದಾಸ್ ಪಟೇಲರ ನೇತೃತ್ವದಲ್ಲಿ ತಮ್ಮದೇ ಸಂಸ್ಥೆಯನ್ನು ಕಟ್ಟಿದ್ದರು. 1949ರಲ್ಲಿ ಅಲ್ಲಿಗೆ ಬಂದ ವರ್ಗೀಸ್ ಕುರಿಯನ್, ಎಮ್ಮೆಯ ಹಾಲಿನಿಂದ ಪುಡಿ ತಯಾರಿಸುವ ವಿಧಾನವನ್ನು ರೂಢಿಗೆ ತಂದ ಎಚ್.ಎಂ. ದಲಾಯ ಅವರ ಪರಿಶ್ರಮದ ಕಥೆ ಓದುಗರಿಗೆ ತಿಳಿದದ್ದೇ. ವಡೋದರಾ ಜಿಲ್ಲೆಯ ಒಕ್ಕೂಟವು 1957ರಲ್ಲಿ ಸ್ಥಾಪಿತವಾಯಿತು. ಕರ್ನಾಟಕದಲ್ಲಿ ಇದೇ ಮಾದರಿಯು ಎಪ್ಪತ್ತರ ದಶಕದ ನಡುವಿನಲ್ಲಿ ವಿಶ್ವಬ್ಯಾಂಕಿನ ನೆರವಿನೊಡನೆ ಕಾಲಿಟ್ಟು, 1984ರಲ್ಲಿ ಕರ್ನಾಟಕ ಹಾಲು ಮಹಾಮಂಡಳವಾಗಿ ರೂಪುಗೊಂಡಿತು. ಹತ್ತು ಎಮ್ಮೆಗಳ ಒಡೆಯನಿಗೂ ಒಂದೇ ಎಮ್ಮೆಯ ಒಡೆಯನಿಗೂ ಸಂಘದಲ್ಲಿ ಒಂದೊಂದೇ ಮತ.

ಹಾಲು ಮಾರುವ ಸಮಸ್ಯೆಯನ್ನು ಸಂಘವು ಪರಿಹರಿಸಿತು. ಕೊಟ್ಟಿಗೆಯೊಳಗಿನ ಸಮಸ್ಯೆ ಮಾತ್ರ ಇನ್ನೂ ಮನೆಯವರ ಪಾಲಿಗೇ ಉಳಿದಿದೆ.

ಕರುವಿನ ಪಾಲು

ಎರಡು ಎಮ್ಮೆಗಳ ಮನೆಯಲ್ಲಿ ಅತ್ಯಂತ ಕಠಿಣವಾದ ನಿರ್ಧಾರವು ಕರುವಿಗೆ ಸಂಬಂಧಿಸಿದುದು. ಹುಟ್ಟಿದಾಗ ಇಪ್ಪತ್ತೈದರಿಂದ ಮೂವತ್ತು ಕಿಲೋಗ್ರಾಂ ತೂಗುವ ಕರುವಿಗೆ ಮೊದಲ ತಿಂಗಳು ತನ್ನ ತೂಕದ ಹತ್ತನೆಯ ಒಂದು ಭಾಗ, ಎಂದರೆ ಎರಡೂವರೆಯಿಂದ ಮೂರು ಲೀಟರ್ ಹಾಲು ಬೇಕು. ತಾಯಿ ಕೊಡುವುದೇ ಐದಾರು ಲೀಟರ್. ಅರ್ಧ ಹಾಲು ಕರುವಿನ ಹೊಟ್ಟೆಗೆ ಹೋದರೆ ಆ ತಿಂಗಳ ಕಿರಾಣಿ ಅಂಗಡಿಯ ಬಾಕಿಯನ್ನು ತೀರಿಸುವುದು ಹೇಗೆ? ಈ ಪ್ರಶ್ನೆಗೆ ಬಹುತೇಕ ಮನೆಗಳು ಕಂಡುಕೊಂಡ ಉತ್ತರವು ಕರುವಿಗೆ ಪ್ರತಿಕೂಲವಾಗಿದೆ. ತೊರೆಬಿಡಿಸಲು ಮಾತ್ರ ಅದನ್ನು ಬಿಟ್ಟು, ನಾಲ್ಕು ಗುಟುಕು ಕುಡಿಯುವಷ್ಟರಲ್ಲಿ ಗೂಟಕ್ಕೆ ಎಳೆದು ಕಟ್ಟಲಾಗುತ್ತದೆ. ಕೋಣಗರುವಾದರಂತೂ ಅದರ ಗತಿ ಹೇಳುವಂತಿಲ್ಲ.

ಇದನ್ನು ಕ್ರೌರ್ಯವೆಂದು ಜರೆದು ಸುಮ್ಮನಾಗುವುದು ಸುಲಭ. ಆದರೆ ಲೆಕ್ಕವೂ ಅದರ ವಿರುದ್ಧವೇ ಇದೆ. ಕರು ಸತ್ತರೆ ಅನೇಕ ಎಮ್ಮೆಗಳು ಹಾಲನ್ನು ಏರಿಸಿಕೊಂಡುಬಿಡುತ್ತವೆ. ಆಗ ಕೆಲವರು ಆಕ್ಸಿಟೋಸಿನ್ ಚುಚ್ಚುಮದ್ದಿನ ಮೊರೆಹೋಗುತ್ತಾರೆ. ಹಾಲನ್ನು ಹೆಚ್ಚಿಸುವ ಸಲುವಾಗಿ ಪ್ರಾಣಿಯ ಆರೋಗ್ಯಕ್ಕೆ ಹಾನಿಕರವಾದ ಯಾವುದೇ ಚುಚ್ಚುಮದ್ದನ್ನು ನೀಡುವುದು 1960ರ ಪ್ರಾಣಿಹಿಂಸೆ ತಡೆ ಅಧಿನಿಯಮದ 12ನೆಯ ಪ್ರಕರಣದಂತೆ ಶಿಕ್ಷಾರ್ಹ ಅಪರಾಧ. ಹೆಣ್ಣುಕರು ಬದುಕಿದ್ದರೆ ನಾಲ್ಕು ವರ್ಷಗಳೊಳಗೆ ಅದೇ ಕೊಟ್ಟಿಗೆಯಲ್ಲಿ ಮತ್ತೊಂದು ಎಮ್ಮೆ. ಸತ್ತರೆ, ಸಾಲ ಮಾಡಿ ಹೊರಗಿನಿಂದ ಕೊಳ್ಳಬೇಕು.

ಮಾಡಬೇಕಾದುದು ದೊಡ್ಡದೇನಲ್ಲ. ಹುಟ್ಟಿದ ಒಂದು ಗಂಟೆಯೊಳಗೆ ಗಿಣ್ಣು ಹಾಲನ್ನು ಕುಡಿಸತಕ್ಕದ್ದು. ತಾಯಿಯ ಗರ್ಭದಲ್ಲಿ ಕರುವಿಗೆ ದೊರೆಯದ ರೋಗನಿರೋಧಕ ಅಂಶಗಳು ಅದಕ್ಕೆ ಬರುವುದು ಆ ಹಾಲಿನಿಂದಲೇ, ಅವನ್ನು ಹೀರಿಕೊಳ್ಳುವ ಶಕ್ತಿ ಕರುಳಿನಲ್ಲಿರುವುದು ಮೊದಲ ದಿನ ಮಾತ್ರ. ಗುಜರಾತಿನಲ್ಲಿ ಬಳಿ ಎಂಬ ಹೆಸರಿನಿಂದ, ನಮ್ಮಲ್ಲಿ ಗಿಣ್ಣೆಂದೇ ಮಾಡುವ ಸಿಹಿಯ ರುಚಿ ಎಲ್ಲರಿಗೂ ಗೊತ್ತು. ಕರು ಕುಡಿದು ಮಿಕ್ಕುದರಲ್ಲಿ ಅದನ್ನು ಮಾಡಿಕೊಳ್ಳಲು ಅಡ್ಡಿಯಿಲ್ಲ! ಹೊಕ್ಕುಳಬಳ್ಳಿಗೆ ಟಿಂಚರ್ ಅಯೋಡಿನ್ ಹಚ್ಚಬೇಕು. ಎಮ್ಮೆಯ ಕರುಗಳಿಗೆ ತಾಯಿಯ ಹಾಲಿನ ಮೂಲಕವೇ ದುಂಡುಹುಳುವಿನ ಮರಿಗಳು ದಾಟಿಬರುವುದುಂಟು. ಆದುದರಿಂದ ಹುಟ್ಟಿದ ಎರಡು ವಾರಗಳ ಸುಮಾರಿಗೇ ಪಶುವೈದ್ಯರ ಸಲಹೆಯಂತೆ ಜಂತುನಾಶಕ ಔಷಧ ಕೊಡಿಸುವುದು ಅಗತ್ಯ. ಎರಡನೆಯ ತಿಂಗಳಿನಿಂದ ಎಳೆಯ ಹುಲ್ಲು, ಕರುಗಳ ಹಿಂಡಿ ಮಿಶ್ರಣಗಳನ್ನು ಅಭ್ಯಾಸ ಮಾಡಿಸುತ್ತ ಹಾಲನ್ನು ಕ್ರಮೇಣ ಇಳಿಸಬಹುದು. ಅರ್ಧ ಹಾಲಿನ ತ್ಯಾಗವು ಒಂದು ತಿಂಗಳದು ಮಾತ್ರ ಎಂಬುದನ್ನು ಮನಗಂಡರೆ ನಿರ್ಧಾರವು ಅಷ್ಟು ಭಾರವಾಗಲಾರದು.

ಬತ್ತಿದ ತಿಂಗಳುಗಳು

ಎಮ್ಮೆಯ ಗರ್ಭಾವಧಿಯು ಸುಮಾರು 310 ದಿನ. ಹದಿನಾಲ್ಕು ತಿಂಗಳಿಗೊಮ್ಮೆ ಅದು ಕರು ಹಾಕಬೇಕಾದರೆ, ಈದ ನಾಲ್ಕು ತಿಂಗಳೊಳಗೆ ಗಬ್ಬ ಕಟ್ಟಲೇಬೇಕು. ಆದರೆ ಎಮ್ಮೆಯ ಬೆದೆಯು ಹಸುವಿನಂತೆ ಎದ್ದು ಕಾಣುವುದಿಲ್ಲ. ಬೇಸಿಗೆಯಲ್ಲಂತೂ ರಾತ್ರಿ ಅಥವಾ ನಸುಕಿನಲ್ಲಿ ಸದ್ದಿಲ್ಲದೆ ಬಂದು ಹೋಗುತ್ತದೆ. ಲೋಳೆ ಸೋರುವುದು, ಪದೇ ಪದೇ ಉಚ್ಚೆ ಹೊಯ್ಯುವುದು, ಹಾಲು ಕಡಿಮೆಯಾಗುವುದು, ಇವನ್ನು ಕಂಡೊಡನೆ ಕೃತಕ ಗರ್ಭಧಾರಣೆಗೆ ವ್ಯವಸ್ಥೆ ಮಾಡತಕ್ಕದ್ದು. ಒಂದು ಬೆದೆ ತಪ್ಪಿದರೆ ಮತ್ತೆ 21 ದಿನ ಕಾಯಬೇಕು. ಹಾಲಿಲ್ಲದ ಆ ದಿನಗಳಲ್ಲಿಯೂ ಎಮ್ಮೆ ತಿನ್ನುವುದನ್ನು ನಿಲ್ಲಿಸುವುದಿಲ್ಲ. ಈಯುವುದಕ್ಕೆ ಎರಡು ತಿಂಗಳು ಮುಂಚೆ ಹಾಲು ಬತ್ತಿಸುವುದೂ ಅನಿವಾರ್ಯ. ಎರಡೂ ಎಮ್ಮೆಗಳು ಒಂದೇ ಕಾಲಕ್ಕೆ ಬತ್ತಿದರೆ ಸಂಘದ ಪುಸ್ತಕದಲ್ಲಿ ಆ ಮನೆಯ ಪುಟ ಖಾಲಿಯಾಗುತ್ತದೆ. ಒಂದರ ಹಾಲು ಇಳಿಯುವಾಗ ಇನ್ನೊಂದು ಈಯುವಂತೆ ನೋಡಿಕೊಳ್ಳುವುದೇ ಎರಡು ಎಮ್ಮೆ ಸಾಕುವುದರ ಮರ್ಮ.

ಒಣ ತಿಂಗಳುಗಳಲ್ಲಿ ಮೇವಿನ ಖರ್ಚನ್ನು ತಗ್ಗಿಸಲು ಯೂರಿಯಾ ಉಪಚಾರದ ಹುಲ್ಲು ಸಹಕಾರಿ. 100 ಕಿಲೋಗ್ರಾಂ ಒಣಹುಲ್ಲಿಗೆ 4 ಕಿಲೋಗ್ರಾಂ ಯೂರಿಯಾವನ್ನು 50 ರಿಂದ 60 ಲೀಟರ್ ನೀರಿನಲ್ಲಿ ಕರಗಿಸಿ ಸಮನಾಗಿ ಚಿಮುಕಿಸಿ, ಗಾಳಿಯಾಡದಂತೆ ಮೂರು ವಾರ ಮುಚ್ಚಿಡಬೇಕು. ತೆರೆದ ಮೇಲೆ ಸ್ವಲ್ಪ ಹೊತ್ತು ಗಾಳಿಗೆ ಹರಡಿ ಕೊಡತಕ್ಕದ್ದು. ಆರು ತಿಂಗಳೊಳಗಿನ ಕರುಗಳಿಗೆ ಇದನ್ನು ಎಂದಿಗೂ ಹಾಕಕೂಡದು. ಯೂರಿಯಾವನ್ನು ನೇರವಾಗಿ ಹಿಂಡಿಯಲ್ಲಿ ಕಲಸುವುದು ಪ್ರಾಣಾಪಾಯಕ್ಕೆ ಕಾರಣವಾಗಬಹುದು.

ರೋಗಗಳ ವಿಷಯದಲ್ಲಿ ಚಿಕಿತ್ಸೆಗಿಂತ ಲಸಿಕೆಯೇ ಅಗ್ಗ. ಮಳೆಗಾಲಕ್ಕೆ ಮೊದಲು ಗಳಲೆ ರೋಗಕ್ಕೆ, ಆರು ತಿಂಗಳಿಗೊಮ್ಮೆ ಕಾಲುಬಾಯಿ ರೋಗಕ್ಕೆ ಲಸಿಕೆ ಹಾಕಿಸಬೇಕು. ಕಾಲುಬಾಯಿ ರೋಗದ ರಾಷ್ಟ್ರೀಯ ನಿಯಂತ್ರಣ ಕಾರ್ಯಕ್ರಮವು 2019ರಲ್ಲಿ ಆರಂಭವಾಗಿದ್ದು, ಲಸಿಕೆ ಪಡೆದ ಜಾನುವಾರಿನ ಕಿವಿಗೆ ಹನ್ನೆರಡು ಅಂಕಿಗಳ ಬಿಲ್ಲೆಯನ್ನು ಹಾಕಲಾಗುತ್ತದೆ. ನೋವಾಗುತ್ತದೆಂದು ಬಿಲ್ಲೆ ಬೇಡವೆನ್ನುವವರಿದ್ದಾರೆ. ಎಮ್ಮೆ ಸತ್ತಾಗ ವಿಮೆಯ ಹಣಕ್ಕೆ ಆಧಾರವಾಗುವುದು ಅದೇ ಬಿಲ್ಲೆ. ಒಂದು ಎಮ್ಮೆಯ ಸಾವೆಂದರೆ ಇಂತಹ ಮನೆಯ ಅರ್ಧ ಆಸ್ತಿಯೇ ಹೋದಂತೆ.

ಇನ್ನು ಆ ಕೈಯ ವಿಷಯ. ಸಗಣಿ ಬಾಚುವವಳು, ಬೆರಣಿ ತಟ್ಟುವವಳು, ಬದುವಿನ ಹುಲ್ಲನ್ನು ಕೊಯ್ದು ತಲೆಯ ಮೇಲೆ ಹೊತ್ತು ತರುವವಳು, ಬೆದೆಯನ್ನು ಮೊದಲು ಗುರುತಿಸುವವಳು, ನಡುಮಧ್ಯಾಹ್ನ ನೀರೆರೆಯುವವಳು ಬಹುಮಟ್ಟಿಗೆ ಮನೆಯ ಹೆಂಗಸು. ಸಂಘದ ಸದಸ್ಯತ್ವವಾದರೋ ಅನೇಕ ಮನೆಗಳಲ್ಲಿ ಗಂಡನ ಹೆಸರಿನಲ್ಲಿದೆ. ಗುಜರಾತಿನಲ್ಲಿಯೂ ಕರ್ನಾಟಕದಲ್ಲಿಯೂ ಮಹಿಳೆಯರೇ ನಡೆಸುವ ಹಾಲು ಉತ್ಪಾದಕರ ಸಂಘಗಳು ಹುಟ್ಟಿಕೊಂಡಿವೆ. ಇತರ ಸಂಘಗಳಲ್ಲಿಯೂ ಹಾಲು ಹಾಕುವ ಮಹಿಳೆಯು ತನ್ನ ಹೆಸರಿನಲ್ಲಿ ಸದಸ್ಯತ್ವಕ್ಕೆ ಅರ್ಜಿ ಸಲ್ಲಿಸಬಹುದು. ಷೇರು ಹಣ ಅಲ್ಪ. ಅರ್ಜಿಯೊಡನೆ ಬ್ಯಾಂಕಿನ ಖಾತೆಯೂ ಅವಳದೇ ಹೆಸರಿನಲ್ಲಿದ್ದರೆ ಹಾಲಿನ ಹಣವು ನೇರವಾಗಿ ಅಲ್ಲಿಗೆ ಬರುತ್ತದೆ. ಅರ್ಜಿಯ ನಮೂನೆಯನ್ನು ಗ್ರಾಮದ ಸಂಘದ ಕಾರ್ಯದರ್ಶಿಯಿಂದ ಪಡೆಯಬಹುದು.