ಹಿಟಾಚಿ ಯಾಕ ತಿರುಗವಲ್ದು?

ಬೇಸಿಗೆ ಬಂತೆಂದರೆ ಹಾವೇರಿ ಜಿಲ್ಲೆಯ ಒಣಗಿದ ಕೆರೆಗಳಿಗೆ ಹಿಟಾಚಿಗಳು ಇಳಿಯುತ್ತವೆ. ಹೂಳು ಟ್ರ್ಯಾಕ್ಟರ್ ಏರಿ ಹೊಲ ಸೇರುತ್ತದೆ. ಇನ್ನೊಂದೆಡೆ ಕೃಷಿ ಹೊಂಡ, ಬ್ಯಾಡಗಿಯಲ್ಲಿ ಮೆಣಸಿನಕಾಯಿ ಇಡುವ ಕೋಲ್ಡ್ ಸ್ಟೋರೇಜಿನ ಪಾಯ, ರಾಣೆಬೆನ್ನೂರಿನ ಬಳಿ ಹೆದ್ದಾರಿ ಬದಿಯ ಚರಂಡಿ. ಕೆಲಸ ಯಾವುದೇ ಇರಲಿ, ಯಂತ್ರ ಮಾಡುವುದು ಅಗೆಯುವುದು, ತಿರುಗುವುದು, ಸುರಿಯುವುದು, ಮತ್ತೆ ತಿರುಗಿ ಬರುವುದು. ನಾಲ್ಕರಲ್ಲಿ ಎರಡು ಬರೀ ತಿರುಗಾಟ. ಇಪ್ಪತ್ತು ಟನ್ನಿನ ಯಂತ್ರ ಈ ನಾಲ್ಕನ್ನೂ 18 ಸೆಕೆಂಡಿನಲ್ಲಿ ಮುಗಿಸುತ್ತಿತ್ತು ಅಂದುಕೊಳ್ಳಿ. ತಿರುಗಾಟ, ಅಂದರೆ ಸ್ವಿಂಗ್, ಮಂದವಾಗಿ ಅದು 21 ಸೆಕೆಂಡಾದರೆ ಗಂಟೆಗೆ 200 ಬಕೆಟ್ ಬೀಳುವಲ್ಲಿ 171 ಬೀಳುತ್ತವೆ. ಬಾಡಿಗೆ ಮಾತ್ರ ಗಂಟೆ ಲೆಕ್ಕದಲ್ಲೇ ಓಡುತ್ತಿರುತ್ತದೆ. ಹಾಗಾಗಿ ‘ಗಾಡಿ ಯಾಕೋ ತಿರುಗವಲ್ದಲ್ರೀ’ ಎಂಬ ಮಾತು ಆಪರೇಟರನಿಗಿಂತ ಮೊದಲು ಬದುವಿನ ಮೇಲೆ ಕೂತ ಹೊಲದ ಗೌಡರ ಬಾಯಿಂದ ಬಂದರೆ ಆಶ್ಚರ್ಯವಿಲ್ಲ.

ಯಾವ ಕಂಪನಿಯ ಚೈನ್ ಮಷಿನ್ನಾದರೂ ನಮ್ಮ ಜನರ ಬಾಯಲ್ಲಿ ಹಿಟಾಚಿಯೇ. ಆ ಹೆಸರಿನ ಕಂಪನಿ ಜಪಾನಿನಲ್ಲಿ ಯುಎಚ್‌03 ಎಂಬ ಹೈಡ್ರಾಲಿಕ್ ಎಕ್ಸ್‌ಕವೇಟರನ್ನು ಹೊರತಂದದ್ದು 1965ರಲ್ಲಿ. ಟಾಟಾ ಜೊತೆಗಿನ ಅದರ ಕಾರ್ಖಾನೆ ಈಗ ಧಾರವಾಡದಲ್ಲೂ ಇದೆ. ಮುಂದೆ ಬಕೆಟ್, ಹಿಂದೆ ಕೈ ಇರುವ ಜೆಸಿಬಿಯ ವಿಷಯ ಇದಲ್ಲ. ಅದರ ಹಿಂಗೈ ಹೆಚ್ಚೆಂದರೆ ಅರ್ಧ ಸುತ್ತು ಹೊರಳುತ್ತದೆ. ಹಿಟಾಚಿಯಲ್ಲಾದರೆ ಎಂಜಿನ್, ಕ್ಯಾಬಿನ್, ಟ್ಯಾಂಕು, ಬೂಮು, ಹಿಂದಿನ ಭಾರದ ಗಟ್ಟಿ ಎಲ್ಲವೂ ಸೇರಿ ಮೇಲಿನ ಇಡೀ ಸಂಸಾರವೇ ಪೂರ್ತಿ ಸುತ್ತುತ್ತದೆ.

ಸುತ್ತಿಸುವುದು ಆಯಿಲ್. ಎಂಜಿನ್ ಎರಡು ದೊಡ್ಡ ಪಂಪುಗಳನ್ನು ತಿರುಗಿಸುತ್ತದೆ, ಜೊತೆಗೆ ಒಂದು ಪುಟ್ಟ ಪೈಲಟ್ ಪಂಪನ್ನು. ಆಪರೇಟರ್ ಲಿವರ್ ಒತ್ತಿದಾಗ ಈ ಪೈಲಟ್ ಆಯಿಲ್, ಚದರ ಸೆಂಟಿಮೀಟರಿಗೆ ಸುಮಾರು 40 ಕೆಜಿ ಪ್ರೆಷರಿನದು, ದೊಡ್ಡ ವಾಲ್ವಿನೊಳಗಿನ ಸ್ಪೂಲನ್ನು ಸರಿಸುತ್ತದೆ. ದಾರಿ ತೆರೆದಾಗ ದೊಡ್ಡ ಪಂಪಿನ ಆಯಿಲ್ ಸ್ವಿಂಗ್ ಮೋಟಾರಿಗೆ ನುಗ್ಗಿ ಅದರ ಪಿಸ್ಟನ್‌ಗಳನ್ನು ತಳ್ಳುತ್ತದೆ. ಮೋಟಾರ್ ನಿಮಿಷಕ್ಕೆ ಸಾವಿರ ಸುತ್ತಿಗೂ ಮಿಕ್ಕಿದ ವೇಗದಲ್ಲಿ ಸುತ್ತಿದರೆ, ಕೆಳಗಿನ ಗೇರ್‌ಬಾಕ್ಸು ಅದನ್ನು ತಗ್ಗಿಸಿ ಬಲ ಹೆಚ್ಚಿಸಿ ಸಣ್ಣ ಪಿನಿಯನ್ ಮೂಲಕ ದೊಡ್ಡ ಹಲ್ಲಿನ ಬಳೆಗೆ ಒಪ್ಪಿಸುತ್ತದೆ. ಕೊನೆಗೆ ಮೇಲ್ಭಾಗ ನಿಮಿಷಕ್ಕೆ ಹನ್ನೆರಡು ಹದಿಮೂರು ಸುತ್ತು ತಿರುಗುತ್ತದೆ, ಅಷ್ಟೇ.

‘ತಿರುಗವಲ್ದು’ ಎಂಬ ಒಂದೇ ದೂರಿನಲ್ಲಿ ಎರಡು ರೋಗ ಅಡಗಿರುತ್ತವೆ, ಎರಡನ್ನೂ ಕಲಸಿದರೆ ದುಡ್ಡು ಹೋಗುತ್ತದೆ. ಬೋರ್‌ವೆಲ್ಲಿನಿಂದ ನೀರೇ ಕಡಿಮೆ ಬರುವುದು ಬೇರೆ, ಬಂದ ನೀರು ಸ್ಪ್ರಿಂಕ್ಲರನ್ನು ಚಿಮ್ಮಿಸದಿರುವುದು ಬೇರೆ. ಹಾಗೆಯೇ ಇಲ್ಲಿ ವೇಗ ಕೊಡುವುದು ಆಯಿಲಿನ ಪ್ರಮಾಣ, ಬಲ ಕೊಡುವುದು ಪ್ರೆಷರ್. ಖಾಲಿ ಬಕೆಟ್ಟಿನಲ್ಲಿ ಚೆನ್ನಾಗಿ ಸುತ್ತಿ, ತುಂಬಿದ ಬಕೆಟ್ಟನ್ನು ಎಳೆಯಲು ತಿಣುಕಿದರೆ ಪ್ರೆಷರ್ ಎಲ್ಲೋ ಸೋರುತ್ತಿದೆ. ಖಾಲಿ ಇದ್ದರೂ ನಿಧಾನವೇ ಆದರೆ ಆಯಿಲ್ ಪೂರ್ತಿ ಬರುತ್ತಿಲ್ಲ, ಇಲ್ಲವೇ ಏನೋ ಹಿಡಿದುಕೊಂಡಿದೆ. ‘ಮೋಟಾರ್ ಹೋಗೇತ್ರಿ’ ಎಂದು ಬಿಚ್ಚಿ ಹುಬ್ಬಳ್ಳಿಗೆ ಕಳಿಸುವ ಮೊದಲು ಇಷ್ಟನ್ನು ನೋಡಿಕೊಳ್ಳದವರೇ ಹೆಚ್ಚು ಎಂಬುದು ನನ್ನ ಅಂದಾಜು.

ಅದಕ್ಕೂ ಮೊದಲು ನೆಲ ನೋಡಬೇಕು. ಕೆರೆ ಏರಿಯ ಓರೆಯಲ್ಲಿ ನಿಂತ ಗಾಡಿ ಮೇಲ್ಮುಖವಾಗಿ ತಿರುಗುವಾಗ ತನ್ನ ಕೈಯ ಭಾರವನ್ನೂ ಏರಿಸಬೇಕು. ಇಳಿಮುಖದಲ್ಲಿ ಅದೇ ಭಾರ ನೆರವಾಗುತ್ತದೆ. ಒಂದು ಕಡೆ ಸೋಲು, ಇನ್ನೊಂದು ಕಡೆ ಓಟ ಎಂದು ಯಂತ್ರದ ಮೇಲೆ ಗೂಬೆ ಕೂರಿಸುತ್ತೇವೆ. ನಮ್ಮ ಎರೆ ಮಣ್ಣಿನ ಕತೆ ಇನ್ನೊಂದು. ಮಳೆ ಬಿದ್ದ ಮೇಲೆ ಅದು ಬಕೆಟ್ಟಿನ ಒಳಮೈಗೆ ಅಂಟಿ ಕೂತು, ಸುರಿದರೂ ಬೀಳದೆ, ಹೋಗುವಾಗಲೂ ಬರುವಾಗಲೂ ಸವಾರಿ ಮಾಡುತ್ತದೆ. ಒಂದು ಘನ ಮೀಟರ್ ಹಸಿ ಮಣ್ಣೆಂದರೆ ಒಂದೂವರೆ ಟನ್ನಿಗೂ ಹೆಚ್ಚು. ಆ ಭಾರ ನಟ್ಟನಡುವಿನಿಂದ ಎಷ್ಟು ದೂರ ಎಂಬುದು ಇನ್ನೂ ಮುಖ್ಯ: ಕೈಯನ್ನು ನಾಲ್ಕೂವರೆ ಮೀಟರಿಗೆ ಮಡಚಿದಾಗಿನದಕ್ಕಿಂತ ಒಂಬತ್ತು ಮೀಟರಿಗೆ ಚಾಚಿದಾಗ ಅದೇ ಬಕೆಟ್ಟಿನ ಜಡತ್ವ ನಾಲ್ಕು ಪಟ್ಟು. ಕೈ ಚಾಚಿಯೇ ತಿರುಗಿಸುವ ಅಭ್ಯಾಸದ ಆಪರೇಟರಿಗೆ ಯಾವ ಹೊಸ ಮೋಟಾರೂ ಸಾಲದು.

ಸಮತಟ್ಟು ನೆಲಕ್ಕೆ ಬಂದು, ಬಕೆಟ್ ಕೆರೆದು ಸ್ವಚ್ಛ ಮಾಡಿ, ಹೈಡ್ರಾಲಿಕ್ ಆಯಿಲ್ 50 ಡಿಗ್ರಿಯ ಆಸುಪಾಸಿಗೆ ಬಿಸಿಯಾದ ಮೇಲೆ ಪರೀಕ್ಷೆ. ಒಂದು ಸುತ್ತು ಓಟ ಹಿಡಿಯಲು ಬಿಟ್ಟು, ನಂತರದ ಮೂರು ಸುತ್ತಿಗೆ ಎಷ್ಟು ಸೆಕೆಂಡು ಎಂದು ಮೊಬೈಲಿನ ಸ್ಟಾಪ್‌ವಾಚಿನಲ್ಲಿ ಅಳೆಯಬೇಕು, ಎಡಕ್ಕೆ ಬೇರೆ, ಬಲಕ್ಕೆ ಬೇರೆ. ನಿಮಿಷಕ್ಕೆ 13 ಸುತ್ತಿನ ಯಂತ್ರಕ್ಕೆ ಹದಿನಾಲ್ಕು ಸೆಕೆಂಡಿನ ಒಳಗೆ ಮುಗಿಯಬೇಕು. ಯಂತ್ರ ಸುತ್ತುವ ವ್ಯಾಪ್ತಿಯೊಳಗೆ ಆಳು, ದನ ಯಾರೂ ಇರಕೂಡದು.

ಈಗ ಮಿಸ್ತ್ರಿ ಕೇಳುವ ಪ್ರಶ್ನೆ: ‘ಒಂದ ಕಡೆನೋ, ಎರಡೂ ಕಡೆನೋ?’ ಈ ಇಡೀ ವಿದ್ಯೆಯಲ್ಲಿ ಇದಕ್ಕಿಂತ ಚೂಪಾದ ಪ್ರಶ್ನೆ ಇಲ್ಲ. ಪಂಪು, ಗೇರ್‌ಬಾಕ್ಸು, ಬ್ರೇಕು ಎರಡೂ ದಿಕ್ಕಿಗೆ ಒಂದೇ. ಆದ್ದರಿಂದ ಎಡಕ್ಕೆ ಮಾತ್ರ ಸೋತರೆ ಈ ಮೂವರೂ ಬಹುಮಟ್ಟಿಗೆ ನಿರಪರಾಧಿಗಳು. ಮೋಟಾರಿನ ಮೇಲೆ ದಿಕ್ಕಿಗೊಂದರಂತೆ ಎರಡು ರಿಲೀಫ್ ವಾಲ್ವ್ ಇರುತ್ತವೆ. ಪ್ರೆಷರ್ ಮಿತಿ ಮೀರಿದಾಗ ಬಾಯಿ ತೆರೆದು ಯಂತ್ರವನ್ನು ಕಾಯುವುದು ಅವುಗಳ ಕೆಲಸ. ಒಂದರ ಬಾಯಲ್ಲಿ ರಬ್ಬರಿನ ಚೂರೋ ಲೋಹದ ಕಣವೋ ಸಿಕ್ಕಿಕೊಂಡರೆ ಅದು ಪೂರ್ತಿ ಮುಚ್ಚದೆ ಆ ದಿಕ್ಕಿನ ಬಲ ಸೋರಿಹೋಗುತ್ತದೆ. ಪರೀಕ್ಷೆಗೆ ಗೇಜೂ ಬೇಡ: ಎರಡೂ ವಾಲ್ವುಗಳನ್ನು ಅದಲುಬದಲು ಮಾಡಿ ಕೂರಿಸುವುದು. ಸೋಲು ಎಡದಿಂದ ಬಲಕ್ಕೆ ಜಿಗಿದರೆ ಕಳ್ಳ ಸಿಕ್ಕಿದ. ಜಿಗಿಯದಿದ್ದರೆ ಆ ಕಡೆಯ ಪೈಲಟ್ ಪೈಪು, ಸ್ಪೂಲು, ಮೋಟಾರಿಗೆ ಆಯಿಲ್ ಮರುಪೂರೈಸುವ ಚೆಕ್ ವಾಲ್ವು ಸಾಲಾಗಿ ನಿಲ್ಲುತ್ತವೆ.

ಎರಡೂ ಕಡೆ ಸೋಲಾದರೆ ಪಂಪಿನ ಮೇಲೆ ಕಣ್ಣು ಹೋಗುವುದು ಸಹಜ. ಆದರೆ ಪಂಪು ಒಂದೇ ಕೆಲಸಕ್ಕೆ ಮೀಸಲಲ್ಲ. ಹಿಟಾಚಿ ಮಾದರಿಯ ಅನೇಕ ಯಂತ್ರಗಳಲ್ಲಿ ಸ್ವಿಂಗು, ಆರ್ಮು, ಎಡ ಚೈನು ಒಂದೇ ಪಂಪಿನ ಮಕ್ಕಳು. ಪಂಪು ಬಡವಾಗಿದ್ದರೆ ಆರ್ಮ್ ಕೂಡ ಮಂದವಾಗಬೇಕು, ನೇರ ಓಡಿಸಿದ ಗಾಡಿ ಎಡಕ್ಕೆ ವಾಲುತ್ತ ಹೋಗಬೇಕು. ಗಾಡಿ ನೆಟ್ಟಗೆ ಸಾಗುತ್ತದೆ, ಆರ್ಮ್ ಚುರುಕಾಗಿದೆ, ಸ್ವಿಂಗ್ ಮಾತ್ರ ಸೋತಿದೆ ಎಂದರೆ ಪಂಪನ್ನು ಮುಟ್ಟುವ ಅಗತ್ಯವೇ ಇಲ್ಲ.

ಆಗ ಬ್ರೇಕನ್ನು ನೋಡಬೇಕು. ಸ್ವಿಂಗ್ ಮೋಟಾರಿನೊಳಗೆ ಸ್ಪ್ರಿಂಗಿನ ಬಲದಿಂದ ಸದಾ ಕಚ್ಚಿಕೊಂಡಿರುವ ತಟ್ಟೆಗಳ ಬ್ರೇಕ್ ಒಂದಿದೆ. ಲಿವರ್ ಎಳೆದಾಗ ಪೈಲಟ್ ಆಯಿಲ್ ಬಂದು ಅದನ್ನು ಬಿಡಿಸಬೇಕು. ಪೈಲಟ್ ಪ್ರೆಷರ್ ಕಡಿಮೆಯಾದರೆ ಬ್ರೇಕ್ ಅರ್ಧ ಬಿಟ್ಟು ಅರ್ಧ ಹಿಡಿದು, ಮೋಟಾರ್ ಅದನ್ನು ಉಜ್ಜಿಕೊಂಡೇ ಸುತ್ತುತ್ತದೆ. ಗಾಡಿ ಜರ್ಕ್ ಹೊಡೆದು ಹೊರಡುವುದು, ಸುಟ್ಟ ವಾಸನೆ, ಮೋಟಾರಿನ ತಳಭಾಗ ಉಳಿದ ಕಡೆಗಿಂತ ಹೆಚ್ಚು ಕಾದಿರುವುದು ಇದರ ಗುರುತು. ಒಂದು ಪೈಲಟ್ ಪೈಪಿನ ದೋಷಕ್ಕೆ ಇಡೀ ಮೋಟಾರ್ ಬದಲಿಸುವುದು ಇಲ್ಲಿಯೇ.

‘ಮುಂಜಾನೆ ಚಲೋ ಇರ್ತದ, ಮಧ್ಯಾಹ್ನ ಸೋಲ್ತದ’ ಎಂಬ ದೂರು ಮಾತ್ರ ನಿಜಕ್ಕೂ ಸವೆತದ್ದಿರಬಹುದು. ಪಿಸ್ಟನ್ನಿಗೂ ಅದರ ರಂಧ್ರಕ್ಕೂ ನಡುವಿನ ಅಂತರ ಮಿಲಿಮೀಟರಿನ ನೂರನೇ ಭಾಗದ ಲೆಕ್ಕದ್ದು. ಅದು ಎರಡರಷ್ಟಾದರೆ ಸೋರಿಕೆ ಎರಡರಷ್ಟಲ್ಲ, ಎಂಟರಷ್ಟು; ಅಂತರದ ಘನಕ್ಕೆ ತಕ್ಕಂತೆ ಸೋರಿಕೆ ಏರುತ್ತದೆ. ಜೊತೆಗೆ 46ನೇ ದರ್ಜೆಯ ಹೈಡ್ರಾಲಿಕ್ ಆಯಿಲ್ 40 ಡಿಗ್ರಿಯಿಂದ 80ಕ್ಕೆ ಕಾದಾಗ ಅದರ ದಪ್ಪ ಸುಮಾರು ಕಾಲು ಭಾಗಕ್ಕೆ ಇಳಿಯುತ್ತದೆ, ಅಂದರೆ ಸೋರಿಕೆ ಮತ್ತೆ ನಾಲ್ಕು ಪಟ್ಟು. ಸೋರಿದ ಆಯಿಲ್ ಸುಮ್ಮನೆ ಹೋಗುವುದೂ ಇಲ್ಲ. 280 ಕೆಜಿ ಪ್ರೆಷರಿನಿಂದ ಸೊನ್ನೆಗೆ ಬೀಳುವ ಹನಿ ಯಾವ ಕೆಲಸವನ್ನೂ ಮಾಡದೆ ತಾನೇ ಹದಿನಾರು ಡಿಗ್ರಿಯಷ್ಟು ಬಿಸಿಯಾಗುತ್ತದೆ. ಬಿಸಿ ಹೆಚ್ಚಿದಷ್ಟೂ ತೆಳು, ತೆಳುವಾದಷ್ಟೂ ಸೋರಿಕೆ, ಸೋರಿದಷ್ಟೂ ಬಿಸಿ. ಏಪ್ರಿಲ್ ಬಿಸಿಲಿನಲ್ಲಿ, ರೇಡಿಯೇಟರ್ ಮತ್ತು ಆಯಿಲ್ ಕೂಲರಿಗೆ ಕೆರೆ ಧೂಳು ಮೆತ್ತಿಕೊಂಡ ಗಾಡಿಯಲ್ಲಿ ಈ ಚಕ್ರ ಬಲು ಬೇಗ ಪೂರ್ಣಗೊಳ್ಳುತ್ತದೆ. ಕೂಲರಿಗೆ ಗಾಳಿ ಹೊಡೆದು ಸ್ವಚ್ಛ ಮಾಡಿದ ಮೇಲೂ ಮಧ್ಯಾಹ್ನದ ಸೋಲು ನಿಲ್ಲದಿದ್ದರೆ ಮಾತ್ರ ಮೋಟಾರಿನ ಮೇಲೆ ಅನುಮಾನ ಪಡಬೇಕು.

ಅನುಮಾನವನ್ನು ಸಾಬೀತು ಮಾಡುವುದು ಡ್ರೈನ್ ಪೈಪು. ಮೋಟಾರಿನೊಳಗೆ ಸೋರಿದ ಆಯಿಲ್ ಟ್ಯಾಂಕಿಗೆ ಮರಳುವುದು ಇದರಲ್ಲೇ. ಅದನ್ನು ಬಿಡಿಸಿ ಕ್ಯಾನಿಗೆ ಇಳಿಬಿಟ್ಟು, ಸ್ವಿಂಗ್ ಮಾಡುತ್ತ ಒಂದು ನಿಮಿಷಕ್ಕೆ ಎಷ್ಟು ಬೀಳುತ್ತದೆಂದು ಅಳೆದು ಆ ಮಾದರಿಯ ಸರ್ವಿಸ್ ಪುಸ್ತಕದ ಅಂಕಿಯೊಡನೆ ಹೋಲಿಸಬೇಕು. ಗೇರ್‌ಬಾಕ್ಸಿನ ಡಿಪ್‌ಸ್ಟಿಕ್ ಕೂಡ ಎಳೆದು ನೋಡಿ: ಹಾಕದೇ ಆಯಿಲ್ ಏರಿದ್ದರೆ ಮೋಟಾರಿನ ಶಾಫ್ಟ್ ಸೀಲ್ ಹರಿದು ಹೈಡ್ರಾಲಿಕ್ ಆಯಿಲ್ ಕೆಳಗಿಳಿದಿದೆ. ಪೈಪು ಬಿಚ್ಚುವ ಮೊದಲು ಬಕೆಟ್ ನೆಲಕ್ಕೂರಿ, ಎಂಜಿನ್ ಆರಿಸಿ, ಲಿವರ್‌ಗಳನ್ನು ಆಡಿಸಿ ಒಳಗುಳಿದ ಪ್ರೆಷರ್ ಇಳಿಸಬೇಕು. ಸೂಜಿಮೊನೆಯಷ್ಟು ತೂತಿನಿಂದ ಚಿಮ್ಮುವ ಆಯಿಲ್ ಚರ್ಮ ತೂರಿ ಒಳಹೋಗುತ್ತದೆ. ಹೊರಗೆ ಚುಕ್ಕೆಯಷ್ಟೇ ಗಾಯ, ಒಳಗೆ ಬೆರಳೇ ಕೊಳೆಯಬಹುದು. ಸೋರಿಕೆ ಹುಡುಕಲು ರಟ್ಟಿನ ತುಂಡು ಹಿಡಿಯಬೇಕು, ಕೈಯನ್ನಲ್ಲ.

ಲೆಕ್ಕವೆಲ್ಲ ಹಾಕಿ ಮೋಟಾರೇ ಹೋಗಿದೆ ಎಂದಾದರೆ ಬದಲಿಸಬೇಕು, ಬೇರೆ ದಾರಿಯಿಲ್ಲ. ಆದರೆ ಹಳೆಯದು ಸವೆದಾಗ ಉದುರಿದ ಲೋಹದ ಪುಡಿ ಡ್ರೈನ್ ಪೈಪಿನಲ್ಲೇ ಇಳಿದು ಟ್ಯಾಂಕ್ ಸೇರಿರುತ್ತದೆ. ಟ್ಯಾಂಕ್ ತೊಳೆದು, ಫಿಲ್ಟರ್‌ಗಳನ್ನು ಬದಲಿಸಿ, ಹೊಸ ಮೋಟಾರಿನ ಹೊಟ್ಟೆಗೆ ಡ್ರೈನ್ ಬಾಯಿಂದ ಆಯಿಲ್ ತುಂಬಿದ ಮೇಲೆಯೇ ಎಂಜಿನ್ ಶುರು ಮಾಡಬೇಕು. ಒಣ ಹೊಟ್ಟೆಯಲ್ಲಿ ಸುತ್ತಿದ ಮೋಟಾರ್ ಮೊದಲ ಟಿಪ್ಪರ್ ತುಂಬುವುದರೊಳಗೇ ಕೆಟ್ಟುಹೋಗಬಹುದು.